ಹುರುಳಿ ಹಾಸಿದ ದಾರಿ

"ಅಕ್ಕಾ, ತರೀಕೆರೆ ಬೋರ್ಡು ಆ ಕಡೆ ಬಾಣ ತೋರಿಸ್ತಿತ್ತು ಕಣಕ್ಕಾ!" ಎಂದು ನಯನ ಹಿಂದಿನ ಸೀಟಿನಿಂದ ಕೂಗುವಷ್ಟರಲ್ಲಿ ಕಾರು ಬೀರೂರು ದಾಟಿ ಅಜ್ಜಂಪುರದ ರಸ್ತೆಗೆ ಬಿದ್ದಾಗಿತ್ತು.

"ಗೊತ್ತು ಕಣೇ," ಎಂದಳು ಸ್ಟಿಯರಿಂಗ್ ಹಿಡಿದಿದ್ದ ಮಲ್ಲಿಕಾಂಬ, ಎದುರಿನಿಂದ ಕಣ್ಣು ಕೀಳದೆ. "ಅಜ್ಜಂಪುರದ ಮೇಲಿಂದ್ಲೂ ತರೀಕೆರೆಗೆ ಹೋಗ್ಬೋದು. ಅಲ್ಲಿಂದ ಕೆಮ್ಮಣ್ಣುಗುಂಡಿ."

"ಸುತ್ತಾಗಲ್ವೇನೇ?" ಪಕ್ಕದಲ್ಲಿ ಕೂತಿದ್ದ ಜಯಲಕ್ಷ್ಮಮ್ಮ ಕೇಳಿದರು. ಟೀಚರ್ ಆಗಿದ್ದು ನಿವೃತ್ತರಾದವರು. ಯಾರಾದರೂ ತಪ್ಪು ದಾರಿ ಹಿಡಿದರೆ ಸುಮ್ಮನಿರುವುದು ಅವರಿಗೆ ಈಗಲೂ ಅಭ್ಯಾಸವಾಗಿರಲಿಲ್ಲ. "ಇಲ್ಲೇ ಅಗಲ ಇದೆ, ತಿರುಗಿಸ್ಕೊಂಡ್ಬಿಡು."

ತಿರುಗಿಸಿಕೊಳ್ಳುವುದೊಂದೇ ಮಲ್ಲಿಕಾಂಬಳ ಕೈಲಾಗದ ಕೆಲಸ. ಮುಂದಕ್ಕೆ ಓಡಿಸುವುದರಲ್ಲಿ ಅವಳ ಮೇಲೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಕಡೂರಿನ ಸಂತೆಯ ದಿನ ಕೂಡ ಹಸು, ಆಟೋ, ತಳ್ಳುಗಾಡಿಗಳ ನಡುವೆ ನಾಜೂಕಾಗಿ ನುಸುಳಿಕೊಂಡು ಬರುತ್ತಿದ್ದಳು. ಆದರೆ ರಿವರ್ಸ್ ಗೇರು ಹಾಕಿದ ಕೂಡಲೇ ಎಡ ಬಲ ಎರಡೂ ತಲೆಯೊಳಗೆ ಕಲಸಿಹೋಗುತ್ತಿದ್ದವು. ಲೈಸೆನ್ಸಿನ ಪರೀಕ್ಷೆಯಲ್ಲಿ ಹೇಗೆ ಪಾಸಾದಳೋ ಆ ಶಿವನೇ ಬಲ್ಲ.

ಇದು ಗೊತ್ತಿದ್ದದ್ದು ಗಂಡ ಮೃತ್ಯುಂಜಯನಿಗೆ ಮಾತ್ರ. ಕೊಬ್ಬರಿ ವ್ಯಾಪಾರದ ಗಡಿಬಿಡಿಯಲ್ಲೂ ಅವನು ಬೆಳಿಗ್ಗೆ ಕಾರನ್ನು ಹೊರಗೆ ತೆಗೆದು, ಮೂತಿಯನ್ನು ರಸ್ತೆಗೆ ಮಾಡಿ ನಿಲ್ಲಿಸಿಕೊಡುತ್ತಿದ್ದ. ಸಂಜೆ ಇವಳು ಹಾರನ್ ಮಾಡಿದರೆ ಬನಿಯನ್ನಿನಲ್ಲೇ ಬಂದು, ಇಕ್ಕಟ್ಟಿನ ಜಾಗದಲ್ಲಿ ಹಿಂದೆ ಮುಂದೆ ಮಾಡಿ ಒಳಗೆ ಹಾಕುತ್ತಿದ್ದ. ಒಂದು ದಿನವೂ ಬೈದವನಲ್ಲ. ಆ ಒಳ್ಳೆಯತನವೇ ಅವಳಿಗೆ ಹೆಚ್ಚು ಚುಚ್ಚುತ್ತಿತ್ತು. ಇವತ್ತಿನ ಪ್ರವಾಸಕ್ಕೂ ಡ್ರೈವರ್ ಚಂದ್ರಕುಮಾರನನ್ನು ಗೊತ್ತು ಮಾಡಿದ್ದ. ಇವಳು ಹಟ ಹಿಡಿದು ಬೇಡವೆಂದಿದ್ದಳು. "ಆಯ್ತಪ್ಪ, ಎಲ್ಲಾದ್ರೂ ಸಿಕ್ಕಾಕೊಂಡ್ರೆ ಫೋನ್ ಮಾಡು, ಬಂದು ಕರ್ಕೊಂಡು ಬತ್ತೀನಿ," ಎಂದು ಅವನು ನಕ್ಕಿದ್ದ. ಆ ಫೋನು ಮಾಡುವ ಹೊತ್ತು ಬಂದರೆ ಇನ್ನು ಕೀಲಿ ಮುಟ್ಟುವುದಿಲ್ಲವೆಂದು ಅವಳು ಮನಸ್ಸಿನಲ್ಲೇ ಆಣೆ ಮಾಡಿಕೊಂಡಿದ್ದಳು.

ನಯನಳಿಗೆ ಇದಾವುದೂ ಗೊತ್ತಿಲ್ಲ. ಹೊಲಿಗೆ ಅಂಗಡಿಗೆ ಒಂದು ದಿನ ಬೀಗ ಹಾಕಿ ಬಂದ ಹುರುಪಿನಲ್ಲಿ ಫೋನು ನೋಡಿ, "ಅಕ್ಕ, ಇಲ್ಲೊಂದು ಒಳದಾರಿ ಇದೆ, ತರೀಕೆರೆ ರೋಡಿಗೇ ಸೇರುತ್ತಂತೆ," ಎಂದಳು. ಮುಂದಕ್ಕೆ ಹೋಗುವ ದಾರಿ ಯಾವುದಾದರೇನು, ಮಲ್ಲಿಕಾಂಬ ಖುಷಿಯಿಂದಲೇ ಎಡಕ್ಕೆ ತಿರುಗಿಸಿದಳು. ಒಂದು ಕಾರು ಹೋದರೆ ಇನ್ನೊಂದಕ್ಕೆ ಜಾಗವಿಲ್ಲದ ಡಾಂಬರು ದಾರಿ. ಎರಡೂ ಕಡೆ ಕಟಾವಾದ ಹೊಲ, ತೆಂಗಿನ ತೋಟ, ಎಳೆ ಬಿಸಿಲು. ಜಯಲಕ್ಷ್ಮಮ್ಮ ಕೋಡುಬಳೆ ಡಬ್ಬಿ ಬಿಚ್ಚಿದರು.

ಒಂದು ತಿರುವು ದಾಟಿದ್ದೇ ತಡ, ರಸ್ತೆ ಕಾಣದಾಯಿತು. ಈ ಅಂಚಿನಿಂದ ಆ ಅಂಚಿನವರೆಗೆ ಒಣಗಿದ ಹುರುಳಿ ಗಿಡಗಳನ್ನು ಮೊಣಕಾಲೆತ್ತರ ಹಾಸಿದ್ದರು. ಅದರಾಚೆ ಎದೆಮಟ್ಟದ ಗುಡ್ಡೆಯೊಂದು ನಡುರಸ್ತೆಯಲ್ಲೇ ಕೂತಿತ್ತು. ಬೇಲಿಯ ನೆರಳಿನಲ್ಲಿ ಕವೆಗೋಲು ಹಿಡಿದು ಕುಳಿತಿದ್ದ ಹೆಂಗಸು ಎದ್ದು ಓಡಿಬಂದಳು.

"ಬನ್ರವ್ವ ಬನ್ನಿ! ಬೆಳಗ್ಗಿಂದ ಕಾಯ್ತಾ ಕುಂತಿದೀನಿ, ಒಂದ್ ಗಾಡಿನೂ ಈ ಕಡೆ ಮುಖ ಹಾಕ್ಲಿಲ್ಲ. ಹತ್ತುಸ್ರಿ ಅದರ ಮ್ಯಾಲೆ."

"ನಾವು ತರೀಕೆರೆಗೆ ಹೋಗ್ಬೇಕಿತ್ತು ಕಣಮ್ಮ," ಎಂದರು ಜಯಲಕ್ಷ್ಮಮ್ಮ.

"ಹೋಗೀರಂತೆ. ಆ ಗುಡ್ಡೆ ನೋಡ್ರಿ, ಟ್ರ್ಯಾಕ್ಟರ್ನೋನು ನಡು ರೋಡಿಗೇ ಸುರ್ದು ಹೋಗ್ಬಿಟ್ಟ. ಇದು ಉದುರಿದ ಮ್ಯಾಲೆ ಅದನ್ನ ಹರವ್ಬೇಕು. ಅಲ್ಲೀಗಂಟ ದಾರಿ ಇಲ್ಲ. ಇಲ್ಲಾಂದ್ರೆ ಹಿಂದಕ್ಕೆ ಹೋಗ್ರಿ." ಹೆಂಗಸು ಅದನ್ನು ನೀರು ಕುಡಿದಷ್ಟು ಸುಲಭವಾಗಿ ಹೇಳಿದಳು. ಅವಳ ಹೆಸರು ಓಬಮ್ಮ. ಹೆಸರು, ಹೊಲ, ಹುರುಳಿಯ ರೇಟು ಎಲ್ಲವನ್ನೂ ಅವಳು ಕಿಟಕಿಯ ಗಾಜು ಪೂರ್ತಿ ಇಳಿಯುವುದರೊಳಗೆ ಹೇಳಿ ಮುಗಿಸಿದ್ದಳು.

ಮಲ್ಲಿಕಾಂಬ ಬೇರೇನೂ ತೋಚದೆ ಮೊದಲ ಗೇರಿನಲ್ಲಿ ಕಾರನ್ನು ಹುರುಳಿಯ ಮೇಲೆ ಹತ್ತಿಸಿದಳು. ಕಾಯಿಗಳು ಚಟಪಟ ಸಿಡಿದವು. ಗುಡ್ಡೆಯ ಹತ್ತಿರ ಬಂದು ನಿಂತಳು.

"ಈಗ ಹಿಂದಕ್ಕೆ ಬಿಡ್ರವ್ವ!" ಓಬಮ್ಮ ಕೂಗಿದಳು.

ಕಾರು ಅಲ್ಲಾಡಲಿಲ್ಲ. ಮಲ್ಲಿಕಾಂಬ ಎಂಜಿನ್ ಆರಿಸಿ, ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು, ಗುಡ್ಡೆಯನ್ನೇ ನೋಡುತ್ತಾ ಹೇಳಿದಳು. "ನಂಗೆ ರಿವರ್ಸ್ ಬರಲ್ಲ."

"ಬರಲ್ಲ ಅಂದ್ರೆ?"

"ಬರಲ್ಲ ಅಂದ್ರೆ ಬರಲ್ಲ ಟೀಚರೇ. ದಿನಾ ಅವರೇ ತೆಗೆದುಕೊಡ್ತಾರೆ."

ಜಯಲಕ್ಷ್ಮಮ್ಮ ಬಾಯಲ್ಲಿದ್ದ ಕೋಡುಬಳೆ ಅಗಿಯುವುದನ್ನು ನಿಲ್ಲಿಸಿದರು. "ಹಂಗಾದ್ರೆ ಬೀರೂರಲ್ಲಿ..."

"ಹೂಂ. ಅದಕ್ಕೇ."

ನಯನಳಿಗೆ ಮೊದಲು ನಗು ಉಕ್ಕಿತು. ಜಯಲಕ್ಷ್ಮಮ್ಮ ತಡೆದುಕೊಂಡರಾದರೂ ಬಹಳ ಹೊತ್ತು ಆಗಲಿಲ್ಲ. ಮಲ್ಲಿಕಾಂಬಳಿಗೂ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಅವಳ ಕಣ್ಣು ನೋಡಿ ನಯನ ಮೆತ್ತಗಾದಳು. "ಭಾವನಿಗೆ ಒಂದು ಫೋನ್ ಮಾಡೋಣ್ವಾ ಅಕ್ಕ?"

"ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳು."

ಓಬಮ್ಮ ಕಿಟಕಿಯೊಳಗೆ ತಲೆ ತೂರಿಸಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅಯ್ಯೋ, ಬರ್ದಿದ್ರೆ ಏನಾಯ್ತವ್ವ? ಹುರುಳಿ ಮ್ಯಾಲೆ ತಾನೆ ಬಿಡೋದು? ನೀನು ಸೊಟ್ಟಪಟ್ಟ ಬಿಟ್ಟಷ್ಟೂ ನಂಗೇ ಒಳ್ಳೇದು. ಬರೋರು ಬರೀ ಒಂದೇ ಗೆರೇಲಿ ಹೋಗಿಬಿಡ್ತಾರೆ, ಅಂಚಿನ ಕಾಯಿ ಹಂಗೇ ಉಳೀತದೆ."

ಸೊಟ್ಟ ಹೋದರೆ ಒಳ್ಳೆಯದು ಎಂದು ಮಲ್ಲಿಕಾಂಬಳಿಗೆ ಯಾರೂ ಹೇಳಿರಲಿಲ್ಲ. ಅವಳು ಎಂಜಿನ್ ಚಾಲೂ ಮಾಡಿ ರಿವರ್ಸ್ ಗೇರು ಹಾಕಿದಳು. ಕಾರು ಹಾವಿನ ಹಾಗೆ ತೆವಳಿ ಎಡದಂಚಿಗೆ ಹೋಯಿತು. "ಭೇಷ್!" ಎಂದಳು ಓಬಮ್ಮ. ಮಲ್ಲಿಕಾಂಬ ಮುಂದಕ್ಕೆ ಬಂದಳು, ಮತ್ತೆ ಹಿಂದಕ್ಕೆ. ಈ ಸಲ ಬಲದಂಚು. "ಆ ಮೂಲೆ ಒಂಚೂರು ಉಳ್ಕಂಡೈತೆ ನೋಡವ್ವ!" ಮೂಲೆಗೆ ಬಿಡಲು ಸ್ಟಿಯರಿಂಗನ್ನು ಎತ್ತ ತಿರುಗಿಸಬೇಕೆಂದು ಅವಳು ಮೊದಲ ಬಾರಿಗೆ ಹೆದರಿಕೆಯಿಲ್ಲದೆ ಯೋಚಿಸಿದಳು. ತಪ್ಪಿತು. ತಪ್ಪಿದರೂ ಹುರುಳಿ ಉದುರಿತು. ಇನ್ನೊಂದು ಸಲ ತಿರುಗಿಸಿದಾಗ ಚಕ್ರ ಸರಿಯಾಗಿ ಮೂಲೆಗೇ ಹೋಯಿತು.

ನಯನ ಸೆರಗು ಸಿಕ್ಕಿಸಿಕೊಂಡು ಗಿಡ ಹೊರಳಿಸಲು ಇಳಿದಳು. ಹುಲ್ಲು ಸಿಕ್ಕಿಕೊಂಡು ಹೊಗೆ ಬಂದೀತೆಂದು ಆಗಾಗ ಕಾರಿನಡಿ ಬಗ್ಗಿ ಎಳೆದು ತೆಗೆಯುತ್ತಿದ್ದಳು. ಜಯಲಕ್ಷ್ಮಮ್ಮ ರಸ್ತೆಯಂಚಿನಲ್ಲಿ ನಿಂತು ತರಗತಿಯ ದನಿಯಲ್ಲಿ ಎಡ, ಬಲ ಎನ್ನುತ್ತಿದ್ದರು. ಅವರ ಎಡ ಬಲವನ್ನು ಯಾರೂ ಕೇಳುತ್ತಿರಲಿಲ್ಲ. ಗುಡ್ಡೆಯಿಂದ ಒಂದಷ್ಟು ಎಳೆದು ಹರವಿದರು, ಅದನ್ನೂ ತುಳಿಸಿದರು. ಬಿಳಿ ಕಾರು ಧೂಳಿನಲ್ಲಿ ಹುರುಳಿಯ ಬಣ್ಣವೇ ಆಗಿಬಿಟ್ಟಿತು.

"ಏನವ್ವ ನೀನು!" ಎಂದು ಓಬಮ್ಮ ಸೊಂಟಕ್ಕೆ ಕೈಯಿಟ್ಟು ರೇಗಿದಾಗ ಸೂರ್ಯ ನೆತ್ತಿಗೆ ಬಂದಿದ್ದ. "ಆಗಿಂದ ಒಂದೇ ಗೆರೇಲಿ ಓಡಾಡ್ತಿದೀಯ? ಮೊದ್ಲಿನಂಗೆ ಸೊಟ್ಟಕ್ಕೆ ಬಿಡವ್ವ!"

ಮಲ್ಲಿಕಾಂಬ ಇಳಿದು ನೋಡಿದಳು. ಹುಲ್ಲಿನ ಮೇಲೆ ದಾರ ಹಿಡಿದು ಎಳೆದಂತೆ ಎರಡು ಗೆರೆಗಳು. ಹೋದ ಗೆರೆ ಯಾವುದು, ಹಿಂದೆ ಬಂದ ಗೆರೆ ಯಾವುದು ಎಂದು ಅವಳಿಗೇ ಗೊತ್ತಾಗಲಿಲ್ಲ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಓಬಮ್ಮನ ಬೈಗುಳವನ್ನು ಇನ್ನೊಂದು ಸಲ ಕೇಳಬೇಕೆನಿಸಿತು.

ಬೇಲಿಯ ನೆರಳಿನಲ್ಲಿ ಕೂತು ಚಿತ್ರಾನ್ನ ಹಂಚಿಕೊಂಡು ತಿನ್ನುವಾಗ ಮೃತ್ಯುಂಜಯನ ಫೋನು ಬಂತು. "ಹೆಂಗಿದೆ ಕೆಮ್ಮಣ್ಣುಗುಂಡಿ? ಚಳಿನಾ?"

"ಕೆಮ್ಮಣ್ಣುಗುಂಡಿಗೆ ಇನ್ನೊಂದಿನ ಹೋಗ್ತೀವಿ. ಇಲ್ಲಿ ಅಜ್ಜಂಪುರದ ಹತ್ರ ಹುರುಳಿ ಒಕ್ತಾ ಇದೀವಿ."

"ಸಿಕ್ಕಾಕೊಂಡ್ರಾ? ಬರ್ಲಾ?"

"ಬರೋದೇನೂ ಬೇಡ ರೀ. ಕತ್ತಲಾಗೋದ್ರೊಳಗೆ ಬತ್ತೀವಿ."

"ಆಯ್ತು. ಬಂದಾಗ ಹಾರನ್ ಮಾಡು, ಒಳಗೆ ಹಾಕ್ಕೊಡ್ತೀನಿ."

ಮಲ್ಲಿಕಾಂಬ ಕೈಗಂಟಿದ ಅನ್ನದ ಅಗುಳನ್ನು ಬಿಡಿಸಿಕೊಳ್ಳುತ್ತಾ ಹೇಳಿದಳು. "ಬೇಡ. ನೀವು ಗೇಟು ತೆಗೆದಿಟ್ಟಿರಿ, ಸಾಕು."

ಗುಡ್ಡೆ ಇನ್ನೂ ಅರ್ಧ ಉಳಿದಿತ್ತು. ಅಜ್ಜಂಪುರದ ರಸ್ತೆಯವರೆಗೂ ಹಿಂದಕ್ಕೇ ಹೋಗಬೇಕು. ಓಬಮ್ಮ ಬೇಡವೆಂದರೂ ಕೇಳದೆ ನಯನಳ ಚೀಲಕ್ಕೆ ಹೊಸ ಹುರುಳಿ ಸುರಿದಳು. ಮಲ್ಲಿಕಾಂಬ ಹಿಂದಿನ ಗಾಜಿನ ಕಡೆಗೆ ಕತ್ತು ತಿರುಗಿಸಿ, ಸೀಟಿನ ಮೇಲೆ ಒಂದು ತೋಳು ಚಾಚಿ ಬ್ರೇಕು ಬಿಟ್ಟಳು. ಬೆನ್ನು ತೋರಿಸದೆ ಕಾರು ನಿಧಾನವಾಗಿ ದೂರವಾಗುತ್ತಾ ಹೋಯಿತು. ಜಯಲಕ್ಷ್ಮಮ್ಮ ಮುಂದಿನ ಗಾಜಿನೊಳಗಿಂದ ಕೈ ಬೀಸುತ್ತಲೇ ಇದ್ದರು. ತಿರುವಿನವರೆಗೂ ಎದುರಿಗೇ ಕಾಣುತ್ತಿದ್ದ ಓಬಮ್ಮ ಒಮ್ಮೆ ಕೈಯೆತ್ತಿದಳು, ಗಾಳಿ ಎತ್ತಲಿಂದ ಬೀಸುತ್ತಿದೆಯೆಂದು ನೋಡಿದಳು, ಮೊರ ತುಂಬಿಕೊಂಡು ತೂರತೊಡಗಿದಳು.