ಹಿತ್ತಾಳೆ ಸವತಿ

ನನ್ನ ಗಂಡ ಮನಾಸೆಗೆ ಇಬ್ಬರು ಹೆಂಡಿರು. ನಾನೊಬ್ಬಳು, ಇನ್ನೊಬ್ಬಳು ಚರ್ಚಿನ ಬ್ಯಾಂಡಿನ ಯುಫೋನಿಯಂ. ಪಟ್ಟದರಾಣಿ ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಆ ದೊಡ್ಡ ತುತ್ತೂರಿಯನ್ನು ಆಕ್ಲೆಂಡಿನಿಂದ ಟೊಂಗಾದ ನಮ್ಮ ದ್ವೀಪಕ್ಕೆ ತರಿಸಲು ಊರಿಗೆ ಊರೇ ಕೈ ಸಡಿಲಿಸಿತು. ನಾನು ಸಾಕಿದ ಹಂದಿ ಹೋಯಿತು. ಅಮ್ಮ ಕಣ್ಣು ಕೆಡಿಸಿಕೊಂಡು ನೇಯ್ದಿದ್ದ ನಯವಾದ ಚಾಪೆಯೂ ಹೋಯಿತು. ನುಡಿಸುವವನು ಮನಾಸೆಯೆಂದು ಅದು ನಮ್ಮ ಮನೆ ಸೇರಿತು. ಆಮೇಲೆ ಅದಕ್ಕೆ ನಡೆದ ಉಪಚಾರ ನೋಡಬೇಕಿತ್ತು. ಉಪ್ಪುಗಾಳಿ ತಾಗಿದರೆ ಹಿತ್ತಾಳೆ ಕಿಲುಬು ಹಿಡಿಯುತ್ತದೆಂದು ಶನಿವಾರ ಶನಿವಾರ ಮಳೆನೀರಿನ ಸ್ನಾನ. ತೊಟ್ಟಿಯ ತಳ ಕಂಡರೂ ಅದು ತಪ್ಪುತ್ತಿರಲಿಲ್ಲ. ನನಗೆ ಮಾತ್ರ ಬಾವಿಯ ಸವಳು ನೀರು. ಮೆತ್ತನೆ ಬಟ್ಟೆಯಲ್ಲಿ ಅದರ ಬಾಗು ಬಳುಕನ್ನೆಲ್ಲ ಅವನು ಒರೆಸುವಾಗ ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಜುಲೈ ತಿಂಗಳ ಚರ್ಚ್ ಸಮಾವೇಶದ ಹಿಂದಿನ ಸಂಜೆ, ಅಮ್ಮ ಹೂವು ಹಾಕಿ ಕಾಯಿಸಿ ಕೊಟ್ಟ ನನ್ನ ತೆಂಗಿನೆಣ್ಣೆ ಅರ್ಧ ಖಾಲಿಯಾಗಿತ್ತು.

"ನನ್ನೆಣ್ಣೆ ಏನಾಯ್ತು?"

"ತುತ್ತೂರಿ ಗುಂಡಿ ಬಿಗಿಯಾಗಿತ್ತು ಕಣೇ. ಅದರೆಣ್ಣೆ ಮುಗ್ದೋಗಿತ್ತು, ಇದನ್ನೇ ಬಿಟ್ಟೆ."

"ಒಂದಿನಾನಾದ್ರೂ ನನ್ ತಲೆಗೆ ಎಣ್ಣೆ ಹಚ್ಚಿದ್ದೀಯಾ?"

"ನಿಂಗೆ ಗುಂಡಿ ಇಲ್ವಲ್ಲ, ಲೋಸೆ."

ಉಳಿದ ಅರ್ಧವನ್ನು ನನ್ನ ಪೆಟ್ಟಿಗೆಯೊಳಗೆ ಬಚ್ಚಿಟ್ಟೆ. ಕ್ರಿಸ್‌ಮಸ್ಸಿನ ಸೆಕೆಯಲ್ಲಿ ಅವನು ಒಮ್ಮೆ ಅದೇ ಎಣ್ಣೆ ಬಿಟ್ಟು ಊದಿದ್ದ. ಟೊಂಗಾದಲ್ಲಿ ಜುಲೈ ಎಂದರೆ ಚಳಿಗಾಲ, ಅದು ಅವನ ತಲೆಗೆ ಹೊಳೆದಿರಲಿಲ್ಲ.

ಬೆಳಗ್ಗೆ ತೆಂಕಣ ಗಾಳಿಗೆ ಮೈ ನಡುಗುತ್ತಿತ್ತು. ಚರ್ಚಿನ ಅಂಗಳದಲ್ಲಿ ಮನಾಸೆ ಗುಂಡಿ ಒತ್ತಿದ. ಒತ್ತಿದ್ದು ಮೇಲೇಳಲಿಲ್ಲ. ಎಣ್ಣೆ ಒಳಗೇ ಹೆಪ್ಪುಗಟ್ಟಿತ್ತು.

ಬ್ಯಾಂಡ್ ಮಾಸ್ತರ ಪೆನಿಸಿಮಾನಿ ಹತ್ತಿರ ಬಂದು ಮೂಸಿ ನೋಡಿದ. "ತಲೆಗೆ ಹಚ್ಚೋದನ್ನ ಇದಕ್ಕೆ ಹಾಕಿದ್ಯಾ? ಗಂಟೆ ಹೊಡಿಯೋದ್ರೊಳಗೆ ಇದು ಊದ್ಲಿಲ್ಲ ಅಂದ್ರೆ, ಇವತ್ತಿಂದ ಫಿನೇಯಾಸಿ ಊದ್ಲಿ, ಅವನ ಮನೇಲೇ ಇರ್ಲಿ."

ನನಗಂತೂ ಎದೆಯ ಮೇಲಿನ ಭಾರ ಇಳಿಯಿತು. ಪೀಡೆ ತೊಲಗಲಿ ಅಂದುಕೊಂಡೆ. ಮನಾಸೆ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. ಅದಕ್ಕೂ ನಾನು ಕರಗಲಿಲ್ಲ.

ಅಷ್ಟರಲ್ಲಿ ಫಿನೇಯಾಸಿಯ ಹೆಂಡತಿ ಕಾಲೊಲೈನೆ ನನ್ನ ಪಕ್ಕ ಬಂದು ನಿಂತಳು. "ನಮ್ಮನೇಲಿ ಬೇಕಾದಷ್ಟು ಜಾಗ ಇದೆ ಲೋಸೆ. ಚೆನ್ನಾಗಿ ನೋಡ್ಕೋತೀವಿ ಬಿಡು."

ನನ್ನ ಹಂದಿ, ಅಮ್ಮನ ಚಾಪೆ, ನನ್ನೆಣ್ಣೆ. ಎಲ್ಲ ಇವಳ ಮನೆಗೆ?

ನೆಟ್ಟಗೆ ಹೋಗಿ ಮನಾಸೆಯ ಕೈಯಿಂದ ತುತ್ತೂರಿ ಕಿತ್ತುಕೊಂಡೆ. ಚರ್ಚಿನ ಮೆಟ್ಟಿಲ ಮೇಲೆ ಕೂತು, ಶಾಲು ಹೊದ್ದು, ಗುಂಡಿಗಳಿದ್ದ ಕಡೆಯನ್ನು ಎದೆಗವಚಿಕೊಂಡೆ. ತಣ್ಣಗೆ ಕೊರೆಯುತ್ತಿತ್ತು. ಹೆಂಗಸರೆಲ್ಲ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಬಾಯಿ ಹಚ್ಚಿ ಬಿಸಿಯುಸಿರು ಬಿಟ್ಟೆ, ಅಂಗೈ ಉರಿಯುವಷ್ಟು ಉಜ್ಜಿದೆ. ಮೆಲ್ಲಗೆ ಅಮ್ಮನ ಹೂವಿನ ವಾಸನೆ ಎದ್ದಿತು. ಹಿಂದೆಯೇ ಗುಂಡಿಗಳೂ ಒಂದೊಂದಾಗಿ ಎದ್ದವು.

ಗಂಟೆ ಹೊಡೆಯಿತು. ಮನಾಸೆ ಊದಿದ. ಚೆನ್ನಾಗಿಯೇ ಇತ್ತು, ಹಾಳಾದ್ದು.

ಮನೆಗೆ ಬರುವ ದಾರಿಯಲ್ಲಿ ಅವನು ಮುಖ ಊದಿಸಿಕೊಂಡು ಕೇಳಿದ: "ನನ್ನನ್ನ ಯಾವತ್ತಾದ್ರೂ ಹಂಗೆ ಅಪ್ಕೊಂಡಿದ್ದೀಯಾ?"

ಅವನಿಗೂ ಹೊಟ್ಟೆಕಿಚ್ಚು ಹತ್ತಿತ್ತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ನಿಂಗೆ ಗುಂಡಿ ಇಲ್ವಲ್ಲ," ಅಂದೆ.