ಎಂಟು ಗಂಟೆಯ ಕಾವು

ಕುಲುಮೆಯ ಕೊಳವೆಯಿಂದ ತೆಗೆದ ಗಾಜಿನ ಬಿಲ್ಲೆಯನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದಳು. ಮತ್ತೆ ಗುಳ್ಳೆ. ಹಳದಿಯಾಗಿ, ನುಣ್ಣಗೆ ಕೂರಬೇಕಿದ್ದ ಪೊರೆ ಅಲ್ಲಲ್ಲಿ ಉಬ್ಬಿ ಬಿರಿದಿತ್ತು. ಇದು ಹನ್ನೊಂದನೆಯದು.

"ಬಂತೇನಮ್ಮ?" ಹಿಂದಿನಿಂದ ಮೇಷ್ಟ್ರು ಕೇಳಿದರು. ಅವಳ ಸಂಶೋಧನೆಗೆ ಮಾರ್ಗದರ್ಶಕರು ಅವರೇ.

"ಇಲ್ಲ ಸರ್."

"ಪದಾರ್ಥದಲ್ಲೇ ಏನೋ ಐಬಿದೆ ಅನ್ಸುತ್ತೆ. ಈ ದಾರಿ ಬಿಟ್ಬಿಡ್ತೀವಿ ಅಂತ ಶುಕ್ರವಾರದ ಮೀಟಿಂಗಲ್ಲಿ ಹೇಳ್ತೀನಿ."

ಅವಳು ಮಾಡಹೊರಟಿದ್ದು ಬೆಳಕು ಕೊಡುವ ಪ್ಲಾಸ್ಟಿಕ್ಕು. ಅದು ಒಮ್ಮೆ ರೂಪುಗೊಂಡಿತೆಂದರೆ ಯಾವ ದ್ರವದಲ್ಲೂ ಕರಗದು, ಕಾಯಿಸಿದರೂ ಕರಗದು. ತೆಳ್ಳಗೆ ಬಳಿಯುವ ಮಾತೇ ಇಲ್ಲ. ಅದಕ್ಕೇ ಸುತ್ತುದಾರಿ. ಮೊದಲು ನೀರಿನಲ್ಲಿ ಕರಗುವ ಅದರ ಪೂರ್ವರೂಪವನ್ನು ಮಾಡಿ, ಗಾಜಿನ ಮೇಲೆ ಹುಯ್ದು ಒಣಗಿಸಬೇಕು. ಆಮೇಲೆ ಗಾಳಿಯಾಡದ ಕೊಳವೆಯಲ್ಲಿ ಕಾಯಿಸಿದರೆ, ಕರಗಲೆಂದು ಅಂಟಿಸಿದ್ದ ಗಂಧಕದ ಭಾಗ ಕಳಚಿ ಹೋಗಿ ಅಸಲು ಪದಾರ್ಥ ಉಳಿಯುತ್ತದೆ. ಹಾಗೆ ಕಳಚುವ ಗಂಧಕದ ನಾತ ಕೂದಲಿಗೂ ಅಂಟುತ್ತಿತ್ತು. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟು ಹಿಡಿಯುತ್ತಿದ್ದರು. "ಗಂಧಕದ ಮಹಾರಾಣಿ ಬಂದ್ಲು," ಎಂದು ಗಂಡ ಬಾಗಿಲು ತೆಗೆಯುತ್ತಿದ್ದ.

ಐಬು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಕಾವು ನಿಧಾನವಾಗಿ, ಎಂಟು ಗಂಟೆ ಏರಬೇಕು; ಇಲ್ಲದಿದ್ದರೆ ಕಳಚಿದ ಅನಿಲ ಒಮ್ಮೆಲೇ ನುಗ್ಗಿ ಪೊರೆ ಉಬ್ಬುತ್ತದೆ. ಕುಲುಮೆ ಹಚ್ಚಿದವರು ಅಲ್ಲಿಂದ ಕದಲುವಂತಿಲ್ಲ. ಮಗಳ ಶಾಲೆ ಮೂರೂವರೆಗೆ ಬಿಡುತ್ತದೆ. ಹಾಗಾಗಿ ಎಂಟು ಗಂಟೆಯನ್ನು ನಾಲ್ಕರಲ್ಲಿ ತುರುಕುತ್ತಿದ್ದಳು. ಆರು ವರ್ಷ ಮನೆಯಲ್ಲಿದ್ದವಳನ್ನು ಎರಡು ವರ್ಷದ ಹಿಂದೆ ಮರಳಿ ಸೇರಿಸಿಕೊಂಡವರ ಮುಂದೆ ಇದನ್ನು ಹೇಳಲು ಬಾಯಿ ಬಂದಿರಲಿಲ್ಲ.

ಮೇಷ್ಟ್ರು ಬಾಗಿಲ ತನಕ ಹೋಗಿದ್ದರು.

"ಸರ್, ಪದಾರ್ಥದ್ದೇನೂ ತಪ್ಪಿಲ್ಲ. ನಾನೇ ಅವಸರ ಮಾಡ್ತಿದೀನಿ," ಎಂದು ಎಲ್ಲ ಹೇಳಿದಳು.

ಅವರು ಕನ್ನಡಕ ತೆಗೆದರು. "ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

"ಮನೆ ನೆಪ ಹೇಳ್ತಾಳೆ ಅಂದ್ಕೋತೀರೇನೋ ಅಂತ."

ಅವರು ಬಾಗಿಲಿಂದ ಹಿಂದಿರುಗಿ ಬಂದರು. "ನಾನೂ ಕೇಳ್ಲಿಲ್ಲ, ಬಿಡು. ಗುರುವಾರ ಇಡೀ ದಿನ ಕುಲುಮೆ ನಿಂದೇ."

ಮನೆಯಲ್ಲಿ ಅತ್ತೆ ಹೊಲಿಗೆ ಯಂತ್ರದ ಮುಂದಿದ್ದರು. ನಾಲ್ಕು ಬೀದಿಯ ಬಟ್ಟೆ ಹೊಲಿಯುವ ಕೈ ಅವರದು. ಅವರಿಗೆ ಪುರುಸೊತ್ತಿಲ್ಲವೆಂದು ಇವಳೇ ತೀರ್ಮಾನಿಸಿಬಿಟ್ಟಿದ್ದಳು.

"ಅತ್ತೆ, ಗುರುವಾರ ಮಗೂನ ನೀವು ಕರ್ಕೊಂಡ್ ಬರ್ತೀರಾ?"

ಅತ್ತೆ ದಾರವನ್ನು ಹಲ್ಲಿನಿಂದ ಕಡಿದರು. "ಎರಡು ವರ್ಷದಿಂದ ಕಾಯ್ತಿದೀನಿ, ಯಾವಾಗ ಕೇಳ್ತೀಯೋ ಅಂತ. ನಾನಾಗೇ ಹೇಳಿದ್ರೆ ಅತ್ತೆ ಎಲ್ಲದಕ್ಕೂ ಮೂಗು ತೂರಿಸ್ತಾಳೆ ಅಂತೀಯಲ್ಲ."

ಇಬ್ಬರಿಗೂ ನಗು ಬಂತು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಕುಲುಮೆ ಹಚ್ಚಿದಳು. ಕಾವು ತೋರಿಸುವ ಮುಳ್ಳು ಕಂಡೂ ಕಾಣದಂತೆ ಮೇಲೇರಿತು. ಮೂರು ಗಂಟೆಗೆ ಕೈ ತಾನಾಗಿ ಚೀಲದ ಕಡೆ ಹೋಯಿತು, ಹಿಂದಕ್ಕೆಳೆದುಕೊಂಡು ಕೂತಳು. ನಾಲ್ಕಕ್ಕೆ ಆರಿಸಿ ತಣಿಯಲು ಬಿಟ್ಟಳು.

ಐದೂವರೆಗೆ ಬಿಲ್ಲೆ ಹೊರಬಂತು. ತಿಳಿಹಳದಿ ಪೊರೆ. ಉಗುರಿನ ತುದಿಯಷ್ಟೂ ಗುಳ್ಳೆಯಿರಲಿಲ್ಲ. ಮೇಷ್ಟ್ರು ತಾವೇ ಪರದೆ ಎಳೆದು, ನೇರಳಾತೀತ ದೀಪ ಹಚ್ಚಿದರು. ಪೊರೆ ಹಸಿರಾಗಿ ಬೆಳಗಿತು.

ಅವರು ದೀಪವನ್ನು ಹಾಗೇ ಉರಿಯಲು ಬಿಟ್ಟರು. ಇದ್ದ ಒಂದು ಕುರ್ಚಿಯನ್ನು ಅವಳತ್ತ ತಳ್ಳಿ, ತಾವು ಮೂಲೆಯ ಮರದ ಪೆಟ್ಟಿಗೆಯ ಮೇಲೆ ಕೂತರು. ಹೊರಗೆ ಕಾವಲುಗಾರ ಓಣಿಯ ದೀಪಗಳನ್ನು ಒಂದೊಂದಾಗಿ ಹಾಕುತ್ತ ಬಂದ. ಒಳಗೆ ಪರದೆ ಸರಿಸಲು ಯಾರೂ ಏಳಲಿಲ್ಲ.