ಆನೆಗಳು ದಾಟುವವರೆಗೆ

ಪೌಲಿನ್ ಬಹ್ರೇನಿನ ಮನಾಮಾದ ಆಸ್ಪತ್ರೆಯೊಂದರಲ್ಲಿ ನರ್ಸ್. ಉಮ್ ಅಲ್ ಹಸ್ಸಮ್ ಬಡಾವಣೆಯ ಫ್ಲ್ಯಾಟಿನಿಂದ ಡ್ಯೂಟಿಗೆ ಟ್ಯಾಕ್ಸಿಯಲ್ಲೇ ಹೋಗುತ್ತಿದ್ದಳು. ಲೈಸೆನ್ಸ್ ಇರಲಿಲ್ಲವೆಂದಲ್ಲ. ಕೆಲವು ವರ್ಷಗಳ ಹಿಂದೆ ಸಿಗ್ನಲ್ಲಿನಲ್ಲಿ ನಿಂತಿದ್ದ ಅವಳ ಕಾರಿಗೆ ಹಿಂದಿನಿಂದ ಟ್ರಕ್ಕೊಂದು ಗುದ್ದಿ, ಹಿಂದಿನ ಸೀಟಿನಲ್ಲಿದ್ದ ಮಗಳು ಸ್ವೀಡಲ್‌ಳ ಹಣೆಗೆ ಹೊಲಿಗೆ ಬಿದ್ದಿತ್ತು. ತಪ್ಪು ಟ್ರಕ್ಕಿನವನದೇ ಎಂದು ಪೊಲೀಸರು ಹೇಳಿದರೂ ಅವಳು ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಗಂಡ ಕೆನೆತ್ ಒಂದೆರಡು ಸಲ ಹೇಳಿ ನೋಡಿ ಸುಮ್ಮನಾದ.

ಈದ್ ರಜೆಗೆ ದಕ್ಷಿಣ ಆಫ್ರಿಕಾಕ್ಕೆ ಹೋಗೋಣ, ನಾವೇ ಕಾರು ಓಡಿಸಿಕೊಂಡು ಕಾಡು ನೋಡೋಣ ಎಂದು ಹೊರಡಿಸಿದವನೂ ಅವನೇ. ಬಾಡಿಗೆ ಕಾರಿಗೆ ಎರಡನೇ ಡ್ರೈವರ್ ಎಂದು ಅವಳ ಹೆಸರು ಕೊಟ್ಟಾಗ ಪೌಲಿನ್ ಸಿಡುಕಿದಳು.

"ನನ್ನ ಹೆಸರು ಎಂತಕ್ಕೆ?"

"ಇರಲಿ ಮಾರಾಯ್ತಿ. ಇದ್ದರೆ ಅನ್ನ ಕೇಳ್ತದಾ?"

ಮೊದಲೆರಡು ದಿನ ಹಬ್ಬವೇ. ಬಹ್ರೇನಿನಲ್ಲಿ ರಸ್ತೆಯ ಬಲಕ್ಕೆ ಓಡಿಸಿ ರೂಢಿಯಾದ ಕೆನೆತ್, ಇಲ್ಲಿ ಎಡಕ್ಕೆ ಹೋಗುತ್ತಾ ಇಂಡಿಕೇಟರ್ ಎಂದುಕೊಂಡು ವೈಪರ್ ಹಾಕುತ್ತಿದ್ದ. ಪ್ರತಿ ಸಲವೂ ಸ್ವೀಡಲ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಜಿರಾಫೆಗಳು ತಾವೇ ಬಂದು ಇವರನ್ನು ಬಗ್ಗಿ ನೋಡಿದವು.

ಮೂರನೇ ದಿನ ಮಧ್ಯಾಹ್ನ, ಮಣ್ಣಿನ ರಸ್ತೆಯೊಂದರ ನಡುವೆ ಕೆನೆತ್ ಕಾರು ನಿಲ್ಲಿಸಿಬಿಟ್ಟ. ಮುಖದ ತುಂಬ ಬೆವರು. ಸೊಂಟದ ಒಂದು ಬದಿ ಹಿಡಿದುಕೊಂಡು ಮುದುಡಿದ. ಪೌಲಿನ್‌ಗೆ ನೋಡಿದ ಕೂಡಲೇ ಗೊತ್ತಾಯಿತು, ಮೂತ್ರದ ಕಲ್ಲು. ಜೀವಕ್ಕೆ ಅಪಾಯವಿಲ್ಲ, ಆದರೆ ಗಂಡಸನ್ನೂ ಅಳಿಸುವ ನೋವು. ಫೋನಿಗೆ ಸಿಗ್ನಲ್ ಇಲ್ಲ. ಹಿಂದೆ ಮುಂದೆ ಒಂದು ವಾಹನವೂ ಇಲ್ಲ. ಕತ್ತಲಾಗುವ ಮೊದಲು ತಾವು ತಂಗಿದ್ದ ಕ್ಯಾಂಪಿನ ಗೇಟು ಹಾಕುತ್ತಾರೆ.

"ಮಮ್ಮಿ, ನೀನು ಓಡಿಸು," ಎಂದಳು ಸ್ವೀಡಲ್.

"ನನ್ನಿಂದಾಗುದಿಲ್ಲ."

"ನಾನು ಹಿಂದೆ ಕೂತುಕೊಳ್ತೇನೆ. ನಂಗೆ ಹೆದರಿಕೆ ಇಲ್ಲ."

ಆ ಮಾತು ಪೌಲಿನ್‌ಳ ಎದೆಗೆ ನಾಟಿತು. ಕಾಡುಪ್ರಾಣಿಗಳ ನಡುವೆ ಕಾರಿನಿಂದ ಇಳಿಯುವಂತಿರಲಿಲ್ಲ. ಸೀಟು ಮಲಗಿಸಿ, ನರಳುತ್ತಿದ್ದ ಕೆನೆತ್‌ನನ್ನು ತಾಯಿ ಮಗಳು ಸೇರಿ ಹಿಂದಕ್ಕೆ ಎಳೆದುಕೊಂಡರು. ಪೌಲಿನ್ ಗೇರಿನ ಮೇಲಿಂದ ಕಾಲು ದಾಟಿಸಿ ಸ್ಟೇರಿಂಗಿನ ಮುಂದೆ ಕೂತಳು. ಮಲಗಿಸಿದ್ದ ಸೀಟನ್ನು ಎತ್ತಿ ನಿಲ್ಲಿಸಿ, ಕನ್ನಡಿ ಸರಿಪಡಿಸಿಕೊಂಡಳು. ಮದುವೆಗೆ ಮೊದಲು ಉಡುಪಿಯಲ್ಲಿ ಅಪ್ಪನ ಹಳೆ ಕಾರಿನಲ್ಲಿ ಕಲಿತದ್ದು ಹೀಗೆ ಎಡಕ್ಕೇ. ಕಾರು ಹೊರಟಿತು.

ತಿರುವು ದಾಟುವಷ್ಟರಲ್ಲಿ ಎದುರಿಗೆ ಆನೆಗಳು. ಮರಿಗಳನ್ನು ನಡುವಿಗಿಟ್ಟುಕೊಂಡು ರಸ್ತೆ ದಾಟುತ್ತಿದ್ದವು. ಮುಂದಿದ್ದ ದೊಡ್ಡ ಹೆಣ್ಣಾನೆ ಇವರತ್ತ ತಿರುಗಿ, ಕಿವಿ ಅಗಲಿಸಿ, ಎರಡು ಹೆಜ್ಜೆ ನುಗ್ಗಿ ನಿಂತಿತು.

"ಹಾರ್ನ್ ಹಾಕು!" ಕೆನೆತ್ ನರಳಿದ.

"ಸುಮ್ಮನೆ ಮಲಗು ಕೆನೆತ್. ಮರಿ ಉಂಟು ಅದಕ್ಕೆ."

ಅವಳು ಮೆಲ್ಲಗೆ ರಿವರ್ಸ್ ತೆಗೆದಳು. ಕನ್ನಡಿಯಲ್ಲಿ ಹಿಂದಿನ ರಸ್ತೆಯೂ ಕಂಡಿತು, ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಮಗಳ ಮುಖವೂ ಕಂಡಿತು. ತಿರುವಿನ ತನಕ ಹಿಂದೆ ಸರಿದು ನಿಲ್ಲಿಸಿ, ಮನಸ್ಸಿನಲ್ಲೇ ಮೇರಿಯಮ್ಮನಿಗೆ ನಮಾನ್ ಮೊರಿಯೆ ಪ್ರಾರ್ಥನೆ ಹೇಳಿಕೊಂಡಳು. ಹಿಂದಿನಿಂದ ನರಳಾಟ ಕೇಳಿದಾಗಲೆಲ್ಲ ಮುಂದೆ ನುಗ್ಗಿಬಿಡೋಣ ಅನ್ನಿಸಿತು. ನುಗ್ಗಲಿಲ್ಲ. ಕೊನೆಯ ಮರಿ ಎಡವುತ್ತಾ ದಾಟಿತು. ಹೆಣ್ಣಾನೆ ಇನ್ನೂ ಸ್ವಲ್ಪ ಹೊತ್ತು ನೋಡಿ, ಪೊದೆಯೊಳಗೆ ಹೊರಟಿತು.

ಗೇಟು ಹಾಕುವ ಹೊತ್ತಿಗೆ ಸರಿಯಾಗಿ ಕ್ಯಾಂಪ್ ಮುಟ್ಟಿದರು. ಡಾಕ್ಟರ್ ಇಂಜೆಕ್ಷನ್ ಕೊಟ್ಟ ಮೇಲೆ ಕೆನೆತ್ ನಿದ್ದೆ ಹೋದ. ಆಮೇಲೆಯೇ ಪೌಲಿನ್ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅತ್ತಳು. ಸ್ವೀಡಲ್ ಪಕ್ಕದಲ್ಲಿ ಕುಳಿತು ಅವಳ ಬೆನ್ನು ಸವರಿದಳು.

ಮನಾಮಾಕ್ಕೆ ಮರಳಿದ ಮೇಲೆ, ಅಲ್ಲಿ ವಾರದ ರಜೆಯಾದ ಶುಕ್ರವಾರದ ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ಕೆನೆತ್ ಎಲ್ಲರಿಗೂ ಈ ಕತೆ ಹೇಳಿದ. ಅವನ ಬಾಯಲ್ಲಿ ಹೆಣ್ಣಾನೆ ಕಾರಿನ ಬಾನೆಟ್ಟನ್ನೇ ಮೂಸಿತ್ತು.

"ಹೆದರಿಕೆ ಆಗ್ಲಿಲ್ವಾ ಪೌಲಿನ್?" ಎಂದು ಗೆಳೆಯ ಲಾನ್ಸೆಲೊಟ್ ಕೇಳಿದ.

"ಆಯ್ತು. ಈಗ್ಲೂ ಆಗ್ತದೆ," ಎಂದಳು. "ನಾಳೆ ಡ್ಯೂಟಿಗೆ ಒಳರಸ್ತೆಯಲ್ಲಿ ನಾನೇ ಓಡಿಸಿಕೊಂಡು ಹೋಗ್ತೇನೆ. ಹೈವೇ ಮಾತ್ರ ಇನ್ನೂ ಬೇಡ."